ಬೆಂಕಿ, ನೀರು, ಗಾಳಿ, ಮಣ್ಣು

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಆಗ ನನಗೆ ಬನವಾಸಿ ಕಡೆಯ ಒಂದು ಹಳ್ಳಿಯ ಶಾಲೆಗೆ ಅಕ್ಕೋರಾಗಿ ವರ್ಗವಾಯಿತು. ನಾನು ಸಿದ್ದಾಪುರದ ತ್ಯಾಗಲಿ ಕಡೆಯವಳು. ಮೂಗಿನ ತುದಿಯಲ್ಲೇ ಕೋಪ. ಇಂಥವಳ ಕೈಗೆ ಯಾರು ಮಕ್ಕಳನ್ನು ಕೊಟ್ಟರೋ ಎಂದು ನನ್ನ ತಾಯಿಯೇ ಆಡಿಕೊಳ್ಳುತ್ತಿದ್ದಳು. ಆ ಊರಿನವರಿಗೆ ನನ್ನ ಮಾತು ಕೇಳಿದರೆ ನಗು, ನನಗೆ ಅವರ ಮಾತು ಜಗಳದ ಹಾಗೆ ಕೇಳುತ್ತಿತ್ತು. ಇಬ್ಬರಿಗೂ ರೂಢಿಯಾಗಲು ಒಂದು ಮಳೆಗಾಲ ಹಿಡಿಯಿತು.

ಏಳನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿಯಿದ್ದಳು. ಶಿವಭಕ್ತರ ಮನೆ, ಭತ್ತ ಬೆಳೆಯುವವರು. ಲೆಕ್ಕ ಹೇಳಿ ಮುಗಿಸುವುದರೊಳಗೆ ಅವಳ ಪಾಟಿಯ ಮೇಲೆ ಉತ್ತರ ಇರುತ್ತಿತ್ತು. ನಾನು ತಪ್ಪು ಹೇಳಿದರೆ ಅವಳು ತಿದ್ದುತ್ತಿರಲಿಲ್ಲ, ತಲೆ ತಗ್ಗಿಸಿ ಕೂರುತ್ತಿದ್ದಳು. ಅವಳು ತಲೆ ತಗ್ಗಿಸಿದಳೆಂದರೆ ನಾನು ಹಲಗೆ ಒರೆಸಿ ಇನ್ನೊಮ್ಮೆ ಮಾಡುತ್ತಿದ್ದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವಳ ತಾಯಿ ತೀರಿಕೊಂಡಳು. ನಮ್ಮ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಇಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ತಾಯಿಯನ್ನು ಕುಳಿತಿರುವಂತೆಯೇ ಹೊತ್ತು ತಂದಿದ್ದರು, ಹಣೆ ತುಂಬ ವಿಭೂತಿ. ಹೊಲದ ಅಂಚಿನಲ್ಲಿ ತೋಡಿದ ಕುಣಿಯೊಳಗೆ ಕೂಡಿಸಿ, ಕೈಯಲ್ಲಿ ಅವಳ ಲಿಂಗವನ್ನಿಟ್ಟು, ಪತ್ರೆ ಹಾಕಿದರು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನು ಹಿಂದೆ ನಿಂತಿದ್ದೆ. ಹುಡುಗಿಯೇ ಬಂದು, ನಿಮ್ಮ ಕಡೆ ಏನು ಮಾಡ್ತಾರೆ ಎಂದು ಕೇಳಿದಳು. ಸುಡುತ್ತಾರೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ನಾನು ಏನೋ ಕ್ರೂರವಾದದ್ದನ್ನು ಹೇಳಿಬಿಟ್ಟಂತೆ. ಮುಂದೆ ಅವಳು ಸಂಜೆ ಓದುತ್ತಿದ್ದದ್ದು ತಾಯಿಯನ್ನು ಹೂಳಿದ ಆ ಗದ್ದುಗೆಯ ಪಕ್ಕದಲ್ಲಿ ಕೂತೇ. ಅವ್ವನಿಗೆ ಪಾಠ ಕೇಳಿಸುತ್ತದೆ ಎನ್ನುತ್ತಿದ್ದಳು.

ತಾಯಿ ಹೋದ ಮೇಲೆ ಮನೆಯಲ್ಲಿ ಮದುವೆಯ ಮಾತು ಎದ್ದಿತು. ಗಂಡು ದೂರದ ಸಂಬಂಧಿ, ಮೊದಲ ಹೆಂಡತಿ ಸತ್ತವನು. ಅದೇ ಹೊತ್ತಿಗೆ ಶಿರಸಿಯ ಒಂದು ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಊಟ, ವಸತಿ ಕೊಟ್ಟು ಓದಿಸುತ್ತಾರೆ, ಅದಕ್ಕೆ ಬುದ್ಧಿ ಪರೀಕ್ಷೆ ನಡೆಯುತ್ತದೆ ಎಂದು ಸುದ್ದಿ ಬಂತು. ನಾನು ಅವಳ ತಂದೆಯ ಹತ್ತಿರ ಹೋಗಿ ಜಗಳವನ್ನೇ ಆಡಿದೆ. ಆತ ಕೆಟ್ಟವನಲ್ಲ, ಹೆಂಡತಿಯಿಲ್ಲದ ಮನೆಯಲ್ಲಿ ಬೆಳೆದ ಮಗಳನ್ನು ಇಟ್ಟುಕೊಳ್ಳಲು ಹೆದರಿದವನು. ಪರೀಕ್ಷೆಯಲ್ಲಿ ಜಾಗ ಸಿಕ್ಕರೆ ಓದಲಿ, ಸಿಗದಿದ್ದರೆ ವೈಶಾಖದಲ್ಲಿ ಮದುವೆ ಎಂದು ಮಾತು ಕೊಟ್ಟ. ನನಗೆ ಗೆದ್ದಷ್ಟೇ ಸಂತೋಷವಾಯಿತು. ಅವಳಿಗೆ ಜಾಗ ಸಿಗದೆ ಇನ್ಯಾರಿಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನ ಹುಡುಗಿಯರು ಶಿರಸಿಗೆ ಬಂದು ಪರೀಕ್ಷೆ ಬರೆದರು. ತಿದ್ದಲು ಶಿಕ್ಷಕರಾದ ನಮ್ಮನ್ನು ಕರೆಸಿದರು. ಅವರವರ ಶಾಲೆಯ ಉತ್ತರಪತ್ರಿಕೆ ಅವರಿಗೆ ಕೊಡಬಾರದೆಂಬ ನಿಯಮ. ನನಗೆ ಬಂದದ್ದು ಯಲ್ಲಾಪುರದ ಕಟ್ಟು. ಎದುರಿಗೆ ಕೂತ ಯಲ್ಲಾಪುರದ ಅಕ್ಕೋರಿಗೆ ನಮ್ಮ ಕಟ್ಟು. ನಾಲ್ಕು ಪದ ಕೊಟ್ಟು ಒಂದಕ್ಕೆ ಗೆರೆ ಎಳೆಯುವ ಪ್ರಶ್ನೆಗಳು. ಅದರಲ್ಲೊಂದು ಹೀಗಿತ್ತು: ಮನುಷ್ಯನ ದೇಹ ಕೊನೆಗೆ ಸೇರುವುದು ಯಾವುದನ್ನು? ಬೆಂಕಿ, ನೀರು, ಗಾಳಿ, ಮಣ್ಣು. ನಮಗೆ ಕೊಟ್ಟ ಸರಿಯುತ್ತರ ಬೆಂಕಿ. ಓದಿದಾಗ ನನಗೂ ಏನೂ ಅನಿಸಲಿಲ್ಲ, ನಾನೂ ಸುಡುವ ಮನೆಯವಳೇ ಅಲ್ಲವೇ.

ಯಲ್ಲಾಪುರದ ಕಟ್ಟಿನಲ್ಲಿ ಲಾರಿ ಓಡಿಸುವ ಮುಸಲ್ಮಾನ ಸಾಹೇಬರೊಬ್ಬರ ಮಗಳ ಉತ್ತರಪತ್ರಿಕೆ ಇತ್ತು. ತಪ್ಪೇ ಇಲ್ಲದ ಬರವಣಿಗೆ. ಮಣ್ಣಿಗೆ ಗೆರೆ ಎಳೆದಿದ್ದಳು. ಅಲ್ಲಿ ನನ್ನ ಕೆಂಪು ಸೀಸದಕಡ್ಡಿ ನಿಂತಿತು. ಎದುರಿನವರ ಕಟ್ಟು ಇಸಿದುಕೊಂಡು ನೋಡಿದೆ. ನಮ್ಮ ಹುಡುಗಿಯದೂ ಮಣ್ಣು.

ತಿದ್ದುವ ಕೆಲಸದ ಮುಖ್ಯಸ್ಥರಿಗೆ ಹೇಳಿದೆ. ವಯಸ್ಸಾದವರು, ಸಾಧು ಮನುಷ್ಯ. ಹಿಂದುಳಿದ ಶಾಲೆಯ ಮಕ್ಕಳು ಒಂದೆರಡು ತಪ್ಪುವುದು ಸಹಜ ಎಂದರು. ಹಾಗಾದರೆ ನೋಡೇಬಿಡೋಣ ಎಂದು ನಾನು ಉತ್ತರಪತ್ರಿಕೆಗಳನ್ನೆಲ್ಲ ಜಮಖಾನೆಯ ಮೇಲೆ ಹರಡಿದೆ. ಆ ಪ್ರಶ್ನೆಯೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲಿ ಸಮಸಮ ಅಂಕ ತೆಗೆದವರನ್ನು ಜೋಡಿ ಮಾಡಿದೆ. ಹೆಸರು, ಮನೆತನ ನೋಡಿ ಒಂದು ಬದಿಗೆ ಸುಡುವ ಮನೆಯ ಹುಡುಗಿ, ಇನ್ನೊಂದು ಬದಿಗೆ ಹೂಳುವ ಮನೆಯ ಹುಡುಗಿ. ಜಾಣೆಗೆ ಜಾಣೆ, ದಡ್ಡಿಗೆ ದಡ್ಡಿ. ಆಮೇಲೆ ಒಂದೊಂದೇ ಪ್ರಶ್ನೆ ತೆಗೆದು ನೋಡುತ್ತ ಹೋದೆ. ಬೇರೆ ಪ್ರಶ್ನೆಗಳಲ್ಲಿ ತಪ್ಪು ಎರಡೂ ಬದಿಗೆ ಚೆಲ್ಲಿಕೊಂಡಿತ್ತು. ಈ ಒಂದರಲ್ಲಿ ಮಾತ್ರ ತಪ್ಪೆಲ್ಲ ಒಂದೇ ಬದಿಗೆ. ಏನೂ ಬಾರದ ಹುಡುಗಿಯರು ಕೂಡ ಸುಡುವ ಬದಿಯಲ್ಲಿ ಸರಿ, ಎಲ್ಲ ಬಲ್ಲವರು ಹೂಳುವ ಬದಿಯಲ್ಲಿ ತಪ್ಪು. ಈ ಪ್ರಶ್ನೆ ಬುದ್ಧಿಯನ್ನು ಕೇಳಿರಲೇ ಇಲ್ಲ, ನಿಮ್ಮ ಮನೆಯಲ್ಲಿ ಸತ್ತವರನ್ನು ಏನು ಮಾಡುತ್ತೀರಿ ಎಂದು ಕೇಳಿತ್ತು.

ಮುಖ್ಯಸ್ಥರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಅವರಿಗೆ ಅರ್ಥವಾಗಿತ್ತು, ಅದೇ ನನಗೆ ಇಂದಿಗೂ ಸಂಕಟ.

"ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಉತ್ತರ, ಅಕ್ಕೋರೇ. ಇದರಲ್ಲಿ ಪಕ್ಷಪಾತ ಅಂತ ನಾನು ಮೇಲಿನವರಿಗೆ ಹೇಗೆ ಹೇಳಲಿ?" ಎಂದರು.

ಒಂದೇ ಅಳತೆಯ ಅಂಗಿ ಎಲ್ಲರಿಗೂ ಹೊಲಿಸಿ, ಹಿಡಿಸದವರ ಮೈಯೇ ಸರಿಯಿಲ್ಲ ಅನ್ನುತ್ತೀರಾ ಎಂದು ಕೇಳಿದೆ. ಎರಡೂ ಉತ್ತರಕ್ಕೆ ಅಂಕ ಕೊಡಿ, ಇಲ್ಲವೇ ಪ್ರಶ್ನೆಯನ್ನೇ ಕಿತ್ತುಹಾಕಿ ಎಂದೆ. ಸಹ ಶಿಕ್ಷಕರು ಹರಡಿದ್ದ ಉತ್ತರಪತ್ರಿಕೆಗಳನ್ನು ಮತ್ತೆ ಕಟ್ಟು ಕಟ್ಟತೊಡಗಿದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ನನ್ನ ಮಾತು. ಮುಖ್ಯಸ್ಥರು ನನಗೆ ಚಹಾ ತರಿಸಿಕೊಟ್ಟರು. ನಾನು ಕುಡಿಯಲಿಲ್ಲ.

ಒಂದೇ ಅಂಕಕ್ಕೆ ಅವಳ ಜಾಗ ತಪ್ಪಿತು. ಸುದ್ದಿ ಇನ್ನೊಬ್ಬರ ಬಾಯಿಂದ ಅವಳಿಗೆ ತಿಳಿಯುವುದು ಬೇಡವೆಂದು ನಾನೇ ಹೋದೆ. ಅವಳು ಗದ್ದುಗೆಯ ಸುತ್ತ ಹುಲ್ಲು ಕೀಳುತ್ತಿದ್ದಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳು. ನಿನ್ನ ತಪ್ಪಿಲ್ಲ, ಆ ಒಂದು ಪ್ರಶ್ನೆ ನಿಮ್ಮಂಥವರಿಗೆ ಬರೆದದ್ದಲ್ಲ, ನಿನಗೆ ಗೊತ್ತಾಗುವುದು ಸಾಧ್ಯವಿರಲಿಲ್ಲ ಎಂದು ಸಮಾಧಾನ ಹೇಳಿದೆ. ಅವಳು ಕಿತ್ತ ಹುಲ್ಲನ್ನು ಪಕ್ಕಕ್ಕಿಟ್ಟಳು.

"ಗೊತ್ತಿತ್ತರೀ ಅಕ್ಕೋರ. ನಿಮ್ಮ ಕಡೆ ಸುಡ್ತಾರ ಅಂತ ನೀವ ಹೇಳಿದ್ರಲ್ಲ. ಪೇಪರ್ ಮಾಡಿದವ್ರಿಗೆ ಬೆಂಕಿನ ಬೇಕಾಗೇತಿ ಅಂತ ಓದಿದ ಕೂಡ್ಲೆ ತಿಳೀತು."

ಮತ್ತೇಕೆ ಮಣ್ಣಿಗೆ ಗೆರೆ ಎಳೆದೆ ಎಂದು ಕೇಳಿದೆ.

"ನಮ್ಮವ್ವನ್ನ ಬೆಂಕ್ಯಾಗ ಹಾಕಾಕ ಕೈ ಏಳಲಿಲ್ರೀ."

ನಾನು ಅಲ್ಲೇ ಅವಳ ಪಕ್ಕ ಕೂತು ಅತ್ತೆ. ಜಮಖಾನೆಯ ಮೇಲೆ ಹರಡಿಕೊಂಡು ಕೂತಿದ್ದಾಗ ಮಕ್ಕಳೆಲ್ಲ ತಿಳಿಯದೆ ತಪ್ಪಿದ್ದಾರೆ ಎಂದೇ ನಾನು ವಾದ ಮಾಡಿದ್ದೆ. ತಿಳಿದೂ ತಪ್ಪಿದವಳು ಒಬ್ಬಳಿದ್ದಾಳೆ ಎಂದು ನನಗೆ ಹೊಳೆದಿರಲಿಲ್ಲ. ಅವಳು ಅಳಲಿಲ್ಲ. ಒಂದು ಹಿಡಿ ಮಣ್ಣು ತೆಗೆದು, ಹುಲ್ಲು ಕಿತ್ತಲ್ಲಿ ಬಿದ್ದ ತಗ್ಗಿಗೆ ತುಂಬಿ ಕೈಯಿಂದ ತಟ್ಟಿದಳು. ವೈಶಾಖದಲ್ಲಿ ಅವಳ ಮದುವೆಯಾಯಿತು.