ಬಚ್ಚಲಿನ ಮರದ ತೊಟ್ಟಿ

ಆ ತೊಟ್ಟಿ ಎಷ್ಟು ಉದ್ದವಿತ್ತು ಎಂದು ಕೇಳಿದರೆ ಈಗ ಹೇಳಲಾರೆ. ನಾನು ಅದರೊಳಗೆ ಕಾಲು ಚಾಚಿ ಮಲಗಬಹುದಿತ್ತು ಎಂದು ಮನಸ್ಸು ಹೇಳುತ್ತದೆ. ಆದರೆ ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಬಚ್ಚಲಿನಲ್ಲಿ ಅಷ್ಟು ಜಾಗವೇ ಇರಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು, ನಾನು ಎಂ.ಎಸ್ಸಿ. ಓದುತ್ತಿದ್ದೆ, ದಿನಚರಿ ಬರೆಯುತ್ತಿದ್ದೆ. ಬರೆದಿಟ್ಟದ್ದಕ್ಕೂ ನೆನಪಿಗೂ ತಾಳೆಯಾಗದ ಕಡೆ ಯಾವುದನ್ನು ನಂಬಬೇಕೆಂದು ಈಗಲೂ ನನಗೆ ತಿಳಿಯದು.

ಶುರುವಾದದ್ದು ಅಜ್ಜಿಯ ಒಂದು ಮಾತಿನಿಂದ. ಅಪ್ಪ ತಮ್ಮ ತಾಯಿಯನ್ನು ದಾವಣಗೆರೆ ಕಡೆಯ ಊರಿನಿಂದ ಕರೆತಂದು ವರ್ಷವಾಗಿತ್ತು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಊರಿನ ಮನೆಯಲ್ಲಿದ್ದ, ಅಜ್ಜನ ಒಂದೇ ಒಂದು ಫೋಟೋವನ್ನು ಗೆದ್ದಲು ತಿಂದಿತ್ತು. ಒಂದು ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿದವರು, ಯಾರ ಕಡೆಗೂ ತಿರುಗದೆ, “ಕಣ್ಣು ಮುಚ್ಚಿದ್ರೆ ನಿಮ್ಮಜ್ಜನ ರುಮಾಲು ಕಾಣ್ತೈತಿ, ಅಂಗಿ ಕಾಣ್ತೈತಿ. ಮುಖ ಮಾತ್ರ ಬರವಲ್ದು,” ಎಂದರು.

ಮುಂದಿನ ರಜೆಗೆ ಅಪ್ಪ ಊರಿಗೆ ಹೋಗಿ, ಆ ಫೋಟೋ ತೆಗೆದು ಆಮೇಲೆ ಮುಚ್ಚಿಹೋಗಿದ್ದ ಸ್ಟುಡಿಯೋದವರ ಅಟ್ಟ ಹುಡುಕಿಸಿ, ಅಜ್ಜನ ಗಾಜಿನ ನೆಗೆಟಿವ್ ಅನ್ನು ಟವೆಲಿನಲ್ಲಿ ಸುತ್ತಿ ತಂದರು. ಪೇಟೆಯ ಸ್ಟುಡಿಯೋದಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಿ, ತೀರಾ ಮಾಸಿದೆ, ಮುಖ ಬರುವುದಿಲ್ಲ ಎಂದು ಹಿಂದಿರುಗಿಸಿದರು. ಕಾಲೇಜಿನ ಫೋಟೋ ಕ್ಲಬ್ಬಿನಲ್ಲಿ ನಾನು ಪ್ರಿಂಟು ಹಾಕುವುದನ್ನು ಕಲಿತಿದ್ದೆ. ಬೇರೆ ಬೇರೆ ಕಾಗದದಲ್ಲಿ ಹಲವು ಸಲ ಪ್ರಯತ್ನಿಸಿದರೆ ಬಂದೀತು ಎಂದೆ. ಬರುವವರೆಗೆ ಅಜ್ಜಿಗೆ ಹೇಳುವುದು ಬೇಡ, ಆಸೆ ಹುಟ್ಟಿಸಿ ನಿರಾಸೆ ಮಾಡುವುದು ಬೇಡ ಎಂದರು ಅಪ್ಪ.

ಪ್ರಿಂಟು ಹಾಕಲು ಬೇಕಾದ ಕತ್ತಲೂ ನೀರೂ ಎರಡೂ ಇದ್ದ ಜಾಗ ಮನೆಯಲ್ಲಿ ಬಚ್ಚಲೊಂದೇ. ಅಮ್ಮ ಒಪ್ಪಲಿಲ್ಲ.

“ಅಜ್ಜಿ ಬರಿಗಾಲಲ್ಲಿ ಸ್ನಾನಕ್ಕೆ ಹೋಗ್ತಾರೆ ಕಣೇ. ನಿನ್ನ ಫೋಟೋ ಮದ್ದಿನ ನೀರು ಒಂದು ತೊಟ್ಟು ನೆಲಕ್ಕೆ ಬಿದ್ರೂ ನಾನು ಸುಮ್ನಿರಲ್ಲ.”

ಹೀಗೆ, ಮದ್ದಿನ ತಟ್ಟೆಗಳನ್ನು ಒಳಗಿಟ್ಟುಕೊಳ್ಳಲು ತೊಟ್ಟಿ ಹುಟ್ಟಿತು. ಅಪ್ಪ ಬಿನ್ನಿಪೇಟೆಯ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಯಂತ್ರದ ಬಿಡಿಭಾಗ ಬರುತ್ತಿದ್ದ ಮರದ ಪೆಟ್ಟಿಗೆಗಳ ಹಲಗೆಯನ್ನು ಕೇಳಿ ತಂದರು. ಹಲಗೆ ಹಲಗೆಯ ನಡುವಿನ ಸಂದಿಗೆ, ಮಗ್ಗದ ಕೆಳಗೆ ಉದುರುವ ಹತ್ತಿಯ ಎಳೆಗಳನ್ನು ಬಿಸಿ ಡಾಂಬರಿನಲ್ಲಿ ಅದ್ದಿ, ಸ್ಕ್ರೂಡ್ರೈವರಿನಿಂದ ಒತ್ತಿ ಒತ್ತಿ ತುಂಬಿದರು. ಮೇಲೆ ಮತ್ತೆ ಡಾಂಬರು ಬಳಿದೆವು. ಮೂಲೆಯ ತೂತಿಗೆ ಸೈಕಲ್ ಟ್ಯೂಬು ಕಟ್ಟಿ ಮೋರಿಗೆ ಬಿಟ್ಟೆವು. ಮೂರು ಭಾನುವಾರ ಹಿಡಿಯಿತು ಎಂದು ನನ್ನ ನೆನಪು. ದಿನಚರಿಯಲ್ಲಿ ಎರಡೇ ಇವೆ. ಹಿತ್ತಿಲಿನ ಬಿಸಿಲಿನಲ್ಲಿ ಡಾಂಬರು ಕರಗುವ ವಾಸನೆ, ಅಪ್ಪನ ಮುಂಗೈಗೆ ಅಂಟಿದ ಬಿಳಿ ಹತ್ತಿ, ಇವನ್ನು ಮಾತ್ರ ನಾನು ಕಲ್ಪಿಸಿಕೊಂಡಿರಲಾರೆ.

ಬಚ್ಚಲಿಗೆ ಸಾಗಿಸಿ ಇಟ್ಟ ದಿನ ಅಜ್ಜಿ ತಂಬಿಗೆಯಿಂದ ನೀರು ಸುರಿದು, ತಲೆ ಓರೆ ಮಾಡಿ ಆಲಿಸಿದರು. ಕಣ್ಣಿಗಿಂತ ಕಿವಿ ಚುರುಕಾಗಿತ್ತು.

“ಗೋಡೆ ಕಡೆ ನಿಂತೈತಪ್ಪ. ಹೊರಗ ಹೋಗಂಗಿಲ್ಲ. ಮಿಲ್ಲಿನಾಗೂ ಹಿಂಗೇ ಕೆಲಸ ಮಾಡ್ತೀಯೇನು?”

ನಿಜ. ಅಪ್ಪ ತೊಟ್ಟಿಯನ್ನು ಹಿತ್ತಿಲಿನಲ್ಲಿ ನಿಲ್ಲಿಸಿಕೊಂಡು ಅದರ ಕಾಲುಗಳನ್ನು ಮಟ್ಟ ನೋಡಿ ಕತ್ತರಿಸಿದ್ದರು. ಹಿತ್ತಿಲೇ ಇಳಿಜಾರು ಎನ್ನುವುದನ್ನು ಮರೆತಿದ್ದರು. ಗೋಡೆ ಕಡೆಯ ಕಾಲುಗಳಿಗೆ ಹೆಂಚಿನ ಚೂರು ಕೊಟ್ಟ ಮೇಲೆ ನೀರು ಗೊಳಗೊಳ ಎಂದು ಮೋರಿ ಸೇರಿತು. ಇಷ್ಟೆಲ್ಲ ಯಾತಕ್ಕೆ ಎಂದು ಅಜ್ಜಿ ಕೇಳಲಿಲ್ಲ. ಮೊಮ್ಮಗಳ ಓದಿಗೆ ಬೇಕಾದದ್ದು ಎಂದುಕೊಂಡಿದ್ದರೋ ಏನೋ.

ಬಚ್ಚಲಿನ ಮಾಡಿನ ಹೆಂಚಿನ ಸಂದಿಯಿಂದ ಬಿಸಿಲು ಇಳಿಯುತ್ತಿದ್ದುದರಿಂದ ಹೊತ್ತು ಮುಳುಗಿದ ಮೇಲಷ್ಟೇ ನನ್ನ ಕೆಲಸ. ಫೋಟೋ ಕಾಗದವನ್ನು ಕೆಡಿಸದ ಕೆಂಪು ಬಲ್ಬಿನ ಕೆಳಗೆ ಹಂಡೆ, ಚೊಂಬು, ಹಗ್ಗದ ಮೇಲಿನ ಸೀರೆ ಎಲ್ಲವೂ ನೀರಿನಡಿ ಮುಳುಗಿದಂತೆ ಕಾಣುತ್ತಿದ್ದವು. ಗಾಜನ್ನು ಕಾಗದದ ಮೇಲಿಟ್ಟು, ಬಿಳಿ ಬಲ್ಬು ಹತ್ತಿಸಿ, ಮನಸ್ಸಿನಲ್ಲೇ ಎಣಿಸಿ, ಆರಿಸಿ, ಕಾಗದವನ್ನು ತೊಟ್ಟಿಯೊಳಗಿನ ತಟ್ಟೆಯ ಮದ್ದಿಗೆ ಇಳಿಸುತ್ತಿದ್ದೆ. ರುಮಾಲು ಬರುತ್ತಿತ್ತು, ಅಂಗಿಯ ಗುಂಡಿ ಬರುತ್ತಿತ್ತು. ಮುಖ ಇರಬೇಕಾದ ಕಡೆ ಬೆಳ್ಳಗೆ ಮಂಜು. ಒಂದು ವಾರ ಹಾಗೇ ಕಳೆಯಿತು. ಅಜ್ಜಿಯ ತಲೆಯೊಳಗೂ ಇದೇ ಚಿತ್ರ ಇದ್ದೀತು ಎನಿಸುತ್ತಿತ್ತು.

ಬಚ್ಚಲಿಗೆ ಒಳಚಿಲಕ ಇರಲಿಲ್ಲ. ಹಿಂದೊಮ್ಮೆ ಅಜ್ಜಿ ಒಳಗೆ ಜಾರಿಬಿದ್ದಾಗ ಅಪ್ಪ ಅದನ್ನು ಕಿತ್ತುಹಾಕಿದ್ದರು. ಸಂಜೆ ದೇವರ ಮುಂದೆ ದೀಪ ಹಚ್ಚಿ, ಅದನ್ನು ಪ್ರತಿ ಕೋಣೆಯ ಹೊಸ್ತಿಲಿಗೂ ತೋರಿಸಿ ಬರುವುದು ಅಜ್ಜಿಯ ಪದ್ಧತಿ. ಅವರು ಬಚ್ಚಲ ಕಡೆ ಮಾತ್ರ ಬರದಂತೆ ಅಮ್ಮ ತಡೆಯುತ್ತಿದ್ದರು. ಆ ಸಂಜೆ ಅಮ್ಮ ಅಂಗಡಿಗೆ ಹೋಗಿದ್ದರು.

ತಟ್ಟೆಯಲ್ಲಿ ಮೊದಲ ಸಲ ಮೂಗಿನ ನೆರಳು ಕಂಡಿತ್ತು. ಆಮೇಲೆ ಮೀಸೆ. ತಟ್ಟೆಯ ಮೇಲೆ ಬಗ್ಗಿದ್ದೆ. ಹಿಂದೆ ಬಾಗಿಲು ಸರಿಯಿತು. ಹಳದಿ ಬೆಳಕು ತೊಟ್ಟಿಯ ತುಂಬ ಹರಡಿತು.

“ಹೊಸಾದು ಮನೀಗೆ ಬಂದು ಎಷ್ಟು ದಿನ ಆತು, ಇದಕ್ಕೊಂದು ದೀಪ ತೋರಿಸಿಲ್ಲ,” ಎನ್ನುತ್ತಾ ಅಜ್ಜಿ ಹತ್ತಿರ ಬಂದರು.

ದೀಪ ಆರಿಸಿ ಎನ್ನಬೇಕಿತ್ತು. ಯಾಕೆ ಸುಮ್ಮನಿದ್ದೆನೋ. ಆರಿಸಿ ಎಂದಿದ್ದರೂ ತಡವಾಗಿತ್ತು ಎಂದು ಆಗಲೇ ತಿಳಿದಿತ್ತೇ, ಅಥವಾ ಈಗ ಹಾಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆಯೇ? ಅಜ್ಜಿ ದೀಪವನ್ನು ತಟ್ಟೆಯ ಮೇಲೆ ಹಿಡಿದು ಬಗ್ಗಿದರು. ಬೆಳಕು ತಗುಲಿದ ಕಾಗದ ಕಪ್ಪಾಗುವುದಕ್ಕೆ ಮುಂಚೆ ಒಂದು ಕ್ಷಣ ಮುಖ ಪೂರ್ತಿ ಎದ್ದು ನಿಂತಿತು.

“ಬಂದ್ರು,” ಎಂದರು ಅಜ್ಜಿ, ತುಂಬ ಮೆಲ್ಲಗೆ.

ಕೆನ್ನೆಯಿಂದ ಕಪ್ಪು ಏರತೊಡಗಿತು. ಹಣೆ ಮುಚ್ಚಿತು.

“ನಿಲ್ಲಂಗಿಲ್ಲೇನು?”

“ನಾಳೆ ನಿಲ್ಲಿಸ್ತೀನಿ ಅಜ್ಜಿ.”

ಆ ದಿನದ ಪುಟದಲ್ಲಿ ನಾನು ಬರೆದಿರುವುದು ಒಂದೇ ಸಾಲು: ತೊಟ್ಟಿ ಸೋರಲಿಲ್ಲ.

ಮರುದಿನ ಅದೇ ಎಣಿಕೆಗೆ ಮುಖ ಬಂತು, ನಿಂತಿತು. ಅದರ ಮಾರನೆಯ ಬೆಳಿಗ್ಗೆ ಒಣಗಿದ ಪ್ರಿಂಟನ್ನು ಅಪ್ಪನೇ ಅಜ್ಜಿಯ ಕೈಗೆ ಕೊಟ್ಟರು. ಅವರು ಅದನ್ನು ಹಗಲಿನ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಮಾಡಿ, ಕೊನೆಗೆ ಬೆರಳಿನಿಂದ ಸವರಿದರು. ಕಾಣಿಸಲಿಲ್ಲವೆಂದು ನನಗೆ ಗೊತ್ತಾಯಿತು. ಹಾಗಾದರೆ ಮೊನ್ನೆ ದೀಪದಲ್ಲಿ ಕಂಡಿತ್ತೇ?

“ಎಡಗಡೀ ಹುಬ್ಬು ಒಂಚೂರು ಮ್ಯಾಲಿರಬೇಕು ನೋಡು,” ಎಂದು ಪ್ರಿಂಟನ್ನು ನನಗೆ ಕೊಟ್ಟರು. “ಹಂಗೇ ಬಂದೈತೇನು?”

ಅಷ್ಟು ದಿನ ಆ ಗಾಜನ್ನು ನೋಡಿದ್ದರೂ ನಾನದನ್ನು ಗಮನಿಸಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನೋಡಿದೆ.

“ಹಾಗೇ ಬಂದಿದೆ ಅಜ್ಜಿ,” ಎಂದೆ.