ಹಿಡಿ ಇಲ್ಲದ ಹಾಡಿನ ಪೆಟ್ಟಿಗೆ

ಮೊನ್ನೆ ಹಾಸನದ ಹಳೇ ಸಾಮಾನಿನ ಅಂಗಡಿಗೆ ನಾನು ಹೋಗಿದ್ದು ಒಂದು ಮರದ ಮಣೆ ಹುಡುಕಿಕೊಂಡು. ಅಂಗಡಿಯವನು ಯಾವುದೋ ವಾಲ್ವ್ ರೇಡಿಯೋಗೆ ಕರೆಂಟು ಕೊಟ್ಟು ನೋಡುತ್ತಿದ್ದ. ಬಿಸಿಯಾದ ಧೂಳು, ಹಳೇ ಮರ, ಸ್ವಲ್ಪ ಸೀದ ರಬ್ಬರು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಣೆ ಮರೆತೇ ಹೋಯಿತು. ಹೊಳೆನರಸೀಪುರದಲ್ಲಿ ನಮ್ಮ ಎದುರುಮನೆ ಅತ್ತೆಯ ನಡುಮನೆಗೆ ಹೋಗಿ ನಿಂತಿದ್ದೆ.

ಅತ್ತೆ ಎಂದರೆ ನೆಂಟರಲ್ಲ. ಬೀದಿಯ ಮಕ್ಕಳಿಗೆಲ್ಲ ಅವರು ಅತ್ತೆ. ಜೈನರ ಮನೆ. ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಿ, ಬಿಸಿಯಾದರೆ ಇದೇ ವಾಸನೆ ಬರುತ್ತಿದ್ದ ರೆಕಾರ್ಡ್ ಪ್ಲೇಯರಿನ ಮುಂದೆ ಕೂರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ದನಿ ಅಂತ ಇದ್ದದ್ದು ಅದೊಂದೇ. ಆದರೆ ಮುಚ್ಚಳ ತೆಗೆದ ತಕ್ಷಣ ಹಾಡು ಹಾಕುವಂತಿರಲಿಲ್ಲ. ಮೊದಲು ಮೆತ್ತನೆ ಬಟ್ಟೆಯಲ್ಲಿ ತಟ್ಟೆಯ ಸುತ್ತ, ಮುಳ್ಳಿನ ಕೆಳಗೆ, ನಿಧಾನವಾಗಿ ಸವರಬೇಕು. ಬೆಚ್ಚಗಿರುವ ಜಾಗ, ಇರುವೆಯೋ ಜೇಡವೋ ಸೇರಿಕೊಂಡಿದ್ದರೆ? ಸಿಕ್ಕಿದ್ದನ್ನು ಬಟ್ಟೆಗೆ ಹತ್ತಿಸಿಕೊಂಡು ಹಿತ್ತಲ ದಾಸವಾಳದ ಗಿಡಕ್ಕೆ ಬಿಟ್ಟು ಬರುವ ತನಕ ನಾವು ಕಾಯಬೇಕು. ಮಳೆಗಾಲದಲ್ಲಂತೂ ಹುಳುಹುಪ್ಪಟೆ ಜಾಸ್ತಿ ಎಂದು ಪೆಟ್ಟಿಗೆ ತೆಗೆಯುತ್ತಲೇ ಇರಲಿಲ್ಲ. "ಅತ್ತೆ ಪೆಟ್ಟಿಗೆಗೂ ಚಾತುರ್ಮಾಸ ಕಣ್ರೋ" ಎಂದು ನಮ್ಮಪ್ಪ ನಗುತ್ತಿದ್ದರು.

ಬೀದಿಯವರ ಬಾಯಲ್ಲಿ ಅದು ಗ್ರಾಮಾಫೋನು. ಆ ಮಾತು ಕಿವಿಗೆ ಬಿದ್ದರೆ ಸಾಕು, ಅಷ್ಟು ಸಾಧು ಹೆಂಗಸಿಗೆ ಎಲ್ಲಿಲ್ಲದ ಕೋಪ ಬರುತ್ತಿತ್ತು.

"ಗ್ರಾಮಾಫೋನ್ ಅಲ್ಲ ಕಣೇ! ಅದ್ಕೆ ಪಕ್ಕದಲ್ಲಿ ತೂತಿರ್ತದೆ, ಹಿಡಿ ಹಾಕಿ ತಿರುವ್ಬೇಕು. ಇದು ಕರೆಂಟಿಂದು. ಹಿಂದ್ಗಡೆ ವೈರ್ ನೋಡು."

ಎಷ್ಟು ಸಲ ಹೇಳುತ್ತಿದ್ದರೆಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ಅವರು ತಮ್ಮನ ಮನೆಗೆಂದು ಕೊಣನೂರಿಗೆ ಹೋದರು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಕೆಲವು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಪೆಟ್ಟಿಗೆ ಏನಾಯಿತೋ... ಕೇಳಲು ಬಾಯಿ ಬರಲಿಲ್ಲ.

"ಏನಮ್ಮಾ, ಗ್ರಾಮಾಫೋನ್ ನೋಡ್ತೀರಾ?" ಎಂದ ಅಂಗಡಿಯವನು. ಮೂಲೆಯಲ್ಲಿ ಆಳೆತ್ತರದ ಜೂಕ್‌ಬಾಕ್ಸ್ ನಿಂತಿತ್ತು, ಕಾಸು ಹಾಕಿ ಗುಂಡಿ ಒತ್ತಿದರೆ ತಾನೇ ತಟ್ಟೆ ಎತ್ತಿಕೊಂಡು ಹಾಡುವಂಥದ್ದು. ಅವನಿಗೆ ಅದೂ ಗ್ರಾಮಾಫೋನೇ. ಪಕ್ಕದಲ್ಲೊಂದು ಮರದ ಪೆಟ್ಟಿಗೆ. ಒಳಗಿನದೆಲ್ಲ ಕಿತ್ತು, ಕೆಂಪು ಮಖಮಲ್ ಅಂಟಿಸಿದ್ದರು. ಅತ್ತೆಯ ಪೆಟ್ಟಿಗೆಯದೇ ಕಂದು ಬಣ್ಣ, ಅದೇ ದುಂಡನೆ ಅಂಚು.

"ಅದು ಮಾರಾಟ ಆಗೋಯ್ತು ಕಣಮ್ಮ. ರೆಸಾರ್ಟ್ನೋರು ಎಣ್ಣೆ ಬಾಟ್ಲಿ ಇಟ್ಕಳಕ್ಕೆ ಮಾಡಿಸ್ಕಂಡವ್ರೆ. ಕೊಣನೂರ್ ಕಡೆ ಜೈನ್ರ ಮನೇಲಿ ತಗಂಬಂದಿದ್ದು."

ಒಂದು ಇರುವೆಗೂ ನೋವಾಗಬಾರದೆಂದು ಸವರುತ್ತಿದ್ದ ಪೆಟ್ಟಿಗೆಯಲ್ಲಿ ಹೆಂಡದ ಬಾಟಲಿಯೇ? ಅತ್ತೆಯ ಮುಖ ಕಣ್ಣ ಮುಂದೆ ಬಂದು ಅಳುವೇ ಬಂತು. ನೋಡುವುದೇ ಬೇಡ ಎಂದುಕೊಳ್ಳುತ್ತಲೇ ಹತ್ತಿರ ಹೋಗಿ ಹಿಂದುಗಡೆ ಕೈಯಾಡಿಸಿದೆ. ವೈರಿನ ತೂತು ಇಲ್ಲ. ಬಲಪಕ್ಕ ಸವರಿದೆ. ಅಲ್ಲಿ, ಹೊಸ ಪಾಲಿಶ್ ಕೆಳಗೆ, ಮೇಣ ತುಂಬಿ ಮುಚ್ಚಿದ ದುಂಡನೆಯ ತೂತು ಬೆರಳಿಗೆ ಸಿಕ್ಕಿತು.

"ಇದಕ್ಕೆ ಹಿಡಿ ಇತ್ತೇನಪ್ಪ?"

"ಇತ್ತು ಕಣಮ್ಮ, ಕಬ್ಬಿಣದ್ದು. ಇಲ್ಲೇ ಎಲ್ಲೋ ಬಿದ್ದಿರ್ಬೇಕು" ಎಂದು ಡಬ್ಬ ತಡಕಿ, ಒಂದು ಬಾಗಿದ ಹಿಡಿ ತಂದು ಆ ತೂತಿಗೆ ಹಿಡಿದು ತೋರಿಸಿದ.

ಅಬ್ಬ! ಹೋದ ಜೀವ ಬಂದಂತಾಯಿತು. ಅಂಗಡಿಯಲ್ಲೇ ನಕ್ಕುಬಿಟ್ಟೆ. ಇದು ಯಾರ ಮನೆಯದೋ, ಪಾಪ, ಅತ್ತೆಯದಂತೂ ಅಲ್ಲ. ಅವರದು ಎಲ್ಲಿದೆಯೋ, ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ.

"ಯಾವ್ದಾದ್ರೇನಮ್ಮ, ಎಲ್ಲಾ ಗ್ರಾಮಾಫೋನೇ ಅಲ್ವಾ?"

"ಅಲ್ಲ ಕಣಪ್ಪ! ಗ್ರಾಮಾಫೋನಿಗೆ ಹಿಡಿ ಇರ್ತದೆ, ತಿರುವ್ಬೇಕು..." ಅಂದೆ. ಆ ಸಿಡುಕು ಅತ್ತೆಯದೇ. ಹೀಗೆ ತಿದ್ದುವವರು ಅವರೊಬ್ಬರೇ ಇದ್ದರು. ಹೋಗಿ ಎಷ್ಟೋ ಕಾಲವಾಯಿತು...

ಅಂಗಡಿಯವನು ತಲೆಯಾಡಿಸಿ ಬೇರೆ ಗಿರಾಕಿಯ ಕಡೆ ಹೋದ. ಹೊರಡುವಾಗ, ಬಿಸಿಯಾಗುತ್ತಿದ್ದ ಆ ರೇಡಿಯೋದ ಹಿಂದೆ ಒಮ್ಮೆ ಬಗ್ಗಿ ನೋಡಿದೆ. ಸದ್ಯ, ಇರುವೆ ಇರಲಿಲ್ಲ.