ಕಟ್ಟದ ಶೀನನ ನಾಲಿಗೆ

ಕಾಪುವಿನ ಹಿಂಬದಿಯಲ್ಲಿ ಹೊಳೆಗೆ ಸೇರುವ ತೋಡಿಗೆ ಅಡ್ಡಲಾಗಿ ಒಂದು ಕಾಲದಲ್ಲಿ ಎರಡು ಬಾಗಿಲಿನ ಕಟ್ಟವೊಂದಿತ್ತು. ಹೊಳೆಯ ಕಡೆಗೊಂದು ಬಾಗಿಲು, ಗದ್ದೆಯ ಕಡೆಗೊಂದು, ನಡುವೆ ಒಂದು ದೋಣಿ ಹಿಡಿಸುವಷ್ಟು ಕಲ್ಲಿನ ಕೋಣೆ. ಭರತದ ಉಪ್ಪುನೀರಿನೊಡನೆ ಹಂಚು ಹೇರಿಕೊಂಡು ಬಂದ ದೋಣಿಯನ್ನು ಕೋಣೆಗೆ ಬಿಟ್ಟುಕೊಂಡು ಹೊರಬಾಗಿಲು ಇಳಿಸಬೇಕು. ಇಳಿತಕ್ಕೆ ಪಕ್ಕದ ಕಿಂಡಿ ಬಿಚ್ಚಿ ಉಪ್ಪನ್ನೆಲ್ಲ ಹೊಳೆಗೆ ಬಸಿಯಬೇಕು. ಒಳಗಿನ ಸಿಹಿನೀರು ತುಂಬಿಸಿದ ಮೇಲೆಯೇ ಒಳಬಾಗಿಲು ಎತ್ತುವುದು. ಎತ್ತಬಹುದೋ ಬಾರದೋ ಎಂದು ಹೇಳುತ್ತಿದ್ದುದು ಶೀನನ ಅಪ್ಪನ ನಾಲಿಗೆ. ಉಪ್ಪು ಗದ್ದೆಗೆ ನುಗ್ಗಿದರೆ ಪೈರು ಸುಟ್ಟಂತೆ. ಉಪ್ಪುನೀರು ಭಾರ, ತಳದಲ್ಲಿ ಕೂರುತ್ತದೆ. ಅದಕ್ಕೇ ಬಿದಿರಿಗೆ ಕಟ್ಟಿದ ತೆಂಗಿನ ಗೆರಟೆಯನ್ನು ಬೋರಲಾಗಿ ಇಳಿಸಿ, ತಳದಲ್ಲಿ ಮಗುಚಿ, ನೀರೆತ್ತಿ ರುಚಿ ನೋಡುತ್ತಿದ್ದ.

ಲಾರಿ ಬಂತು, ದೋಣಿ ನಿಂತಿತು, ಬಾಗಿಲು ಕೊಳೆಯಿತು. 2003ರಲ್ಲಿ ಊರವರು ಸೇರಿ ಹಳೆಯ ಕಲ್ಲುಗಳ ಮೇಲೆಯೇ ಕಟ್ಟವನ್ನು ಹಿಂದಿನಂತೆ ಎಬ್ಬಿಸಿದರು. ಅಳತೆಯನ್ನೆಲ್ಲ ನೆನಪಿನಿಂದ ಹೇಳಿದವನು, ರುಚಿ ನೋಡುವುದನ್ನು ಅಪ್ಪನಿಂದ ಕಲಿತಿದ್ದ, ಎಪ್ಪತ್ತು ದಾಟಿದ ಶೀನ. ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಪರಮಾನಂದ ಗದಗ ಕಡೆಯವನು. "ಉಪ್ಪು ಅಳಿಯೋ ಮೀಟರ್ ಗೀಟರ್ ಯಾಕ ಬೇಕ್ರೀ ಅಜ್ಜಾರ? ನಿಮ್ಮ ನಾಲಿಗಿ ಐತಲ್ಲ!" ಎಂದು ನಕ್ಕ.

ಶೀನನಿಗೆ ನಗು ಬರಲಿಲ್ಲ. ಹಿಂದಿನ ವಾರ ಹೆಂಡತಿ ಕುಶಲಾ ಮೀನಿನ ಸಾರಿಗೆ ಉಪ್ಪು ಹಾಕಲು ಮರೆತಿದ್ದಳು. ಅವನು ಎರಡು ಸಲ ಬಡಿಸಿಕೊಂಡು ಉಂಡಿದ್ದ.

"ಎಂತ, ನಿಮಗೆ ಗೊತ್ತೇ ಆಗ್ಲಿಲ್ವಾ?"

"ಗೊತ್ತಾಯ್ತು. ನಿನಗೆ ಬೇಜಾರು ಬೇಡ ಅಂತ ಸುಮ್ಮನಿದ್ದೆ."

"ನಲವತ್ತು ವರ್ಷಕ್ಕೆ ಇವತ್ತು ಬಂತಾ ಆ ಬುದ್ಧಿ?"

ಅಂದಿನಿಂದ ಶೀನ ಎಲೆ ಅಡಿಕೆ ಬಿಟ್ಟ. ದಿನಾ ಬೆಳಿಗ್ಗೆ ಕದ್ದು ಒಂದು ಹರಳು ಉಪ್ಪು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕಲ್ಲು ಚೀಪಿದ ಹಾಗೆ ಇರುತ್ತಿತ್ತು. ಯಾರಲ್ಲೂ ಹೇಳಲಿಲ್ಲ.

ಕಟ್ಟ ತೆರೆಯುವ ದಿನ ಅಮಾವಾಸ್ಯೆ. ಮಧ್ಯಾಹ್ನದ ಭರತಕ್ಕೆ ದೋಣಿ ಕೋಣೆಗೆ ಬಂತು, ಹೊರಬಾಗಿಲು ಇಳಿಯಿತು. ಮೂರು ಗಂಟೆಗೆ ಉಡುಪಿಯಿಂದ ದೊಡ್ಡವರು ಬರುವವರಿದ್ದರು. ಹಾಗಾಗಿ ಅರ್ಧ ಇಳಿತಕ್ಕೇ ಕಿಂಡಿ ಮುಚ್ಚಿ ಸಿಹಿನೀರು ಬಿಟ್ಟರು. ಶೀನ ಬೇಡವೆಂದರೂ ಯಾರೂ ಕೇಳಲಿಲ್ಲ. ಒಳಬಾಗಿಲಿನಾಚೆ ಹತ್ತು ಮಾರು ದೂರದಲ್ಲೇ ನೆರೆಮನೆಯ ಬೇಬಿಯ ಗದ್ದೆ. ಸುಗ್ಗಿ ಬೆಳೆಗೆಂದು ಬೆಳೆಸಿದ ಎಳೆಯ ಭತ್ತದ ಸಸಿ, ನೇಜಿ, ಗೇಣುದ್ದ ನಿಂತಿತ್ತು.

"ನಿಮ್ಮನ್ನು ನಂಬಿಯೇ ಅಲ್ಲಿ ಬಿತ್ತಿದ್ದು ಶೀನಣ್ಣ," ಎಂದಿದ್ದಳು ಬೆಳಿಗ್ಗೆ.

ಹಾರ ಹಾಕಿಸಿಕೊಂಡವರು ದಂಡೆಯಲ್ಲಿ ಕಾಯುತ್ತಿದ್ದರು. ಶೀನ ಗೆರಟೆ ಇಳಿಸಿದ, ಮಗುಚಿದ, ಎತ್ತಿದ. ಒಂದು ಗುಟುಕು ಬಾಯಿಗೆ ಹಾಕಿ ಆಚೆ ಈಚೆ ಮಾಡಿದ. ಏನೂ ಇಲ್ಲ. ಸಿಹಿಯೂ ಹೀಗೆಯೇ, ಉಪ್ಪೂ ಹೀಗೆಯೇ.

"ಆಯ್ತಾ ಶೀನಣ್ಣ? ಎತ್ತುವುದಾ?" ದಂಡೆಯಿಂದ ಯಾರೋ ಕೂಗಿದರು.

"ಹೂಂ" ಎನ್ನಲು ಒಂದು ಗಳಿಗೆ ಸಾಕಿತ್ತು. ಅಪ್ಪನ ಹೆಸರು ಉಳಿಯುತ್ತಿತ್ತು. ಹಸಿರು ನೇಜಿಯತ್ತ ನೋಡಿದ. ಗೆರಟೆಯನ್ನು ದಂಡೆಯತ್ತ ಚಾಚಿದ.

"ಬೇಬಿ, ಬಾ ಇಲ್ಲಿ. ನೀನು ನೋಡು."

"ನಾನಾ? ಎಂತ ತಮಾಷೆ ನಿಮ್ಮದು?"

"ತಮಾಷೆ ಅಲ್ಲ ಮಾರಾಯ್ತಿ. ನನಗೆ ಗೊತ್ತಾಗುವುದಿಲ್ಲ. ನಾಲಿಗೆ ಹೋಗಿ ದಿನ ಆಯ್ತು."

ದಂಡೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೇಬಿ ಗೆರಟೆಗೆ ಬಾಯಿಟ್ಟವಳೇ ಉಗುಳಿದಳು. "ಅಯ್ಯೋ, ಕಡಲು ಇದು!"

ಪರಮಾನಂದನ ಮುಖ ಬಿಳಿಚಿತು. "ಬಾಗಲಾ ಮುಟ್ಟಬ್ಯಾಡ್ರಿ ಯಾರೂ!" ಎಂದು ಕೂಗಿ, ತಾನೇ ಓಡಿ ಕಿಂಡಿ ಬಿಚ್ಚಿದ. ಬಂದವರು ಗಡಿಯಾರ ನೋಡಿಕೊಂಡು, ಅವಲಕ್ಕಿ ತಿಂದು ಹೊರಟುಹೋದರು. ನೀರು ಬಸಿದು ದೋಣಿ ಕೆಸರಿನಲ್ಲಿ ಕೂತಿತು.

ಇಳಿತ ಪೂರ್ತಿಯಾಗಿ, ಸಿಹಿನೀರು ಮತ್ತೆ ತುಂಬುವಾಗ ಹೊತ್ತು ಕಂತುತ್ತಿತ್ತು. ಗೆರಟೆ ಬೋರಲು ಹಾಕುವುದನ್ನು ಶೀನ ಬೇಬಿಯ ಕೈ ಹಿಡಿದು ತೋರಿಸಿದ. ಅವಳು ಮೂರು ಸಲ ಎತ್ತಿ, ಮೂರು ಸಲ ಕುಡಿದಳು.

"ಹೇಳು ಮಾರಾಯ್ತಿ, ಜೀವ ತೆಗೀಬೇಡ."

"ಇನ್ನೊಮ್ಮೆ ನೋಡ್ತೇನೆ. ನನ್ನ ನೇಜಿ ಅಲ್ವಾ?"

ನಾಲ್ಕನೆಯದನ್ನು ಅವಳು ನುಂಗಿ ತಲೆಯಾಡಿಸಿದ ಮೇಲೆಯೇ ಶೀನ ಬಾಗಿಲಿನ ರಾಟೆಗೆ ಕೈ ಹಾಕಿದ.